ನೋವು ಮರೆಸುವ ಕನ್ನಡಕ

ಮನಸ್ಸನ್ನು ಬೇರೆಡೆ ಸೆಳೆದು ನೋವು ಕಡಿಮೆ ಮಾಡುವುದು ವಂಚನೆಯೇ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳ ಕಣ್ಣಿಗೆ ಯಂತ್ರ ಕಟ್ಟಿ ಹಿಮದ ಕಣಿವೆ ತೋರಿಸಿದರು. ಅಲ್ಲಿ ಹಿಮದುಂಡೆ ಎಸೆಯುತ್ತಿದ್ದವರಿಗೆ ಗಾಯ ತೊಳೆಯುವಾಗಿನ ನೋವು ಕಡಿಮೆಯೆನಿಸಿತು. ಇದೇ ವರ್ಚುವಲ್ ರಿಯಾಲಿಟಿಯನ್ನು ಮುಂದೆ ಕೀಮೋಥೆರಪಿಯ ವೇಳೆಯೂ ಬಳಸಿದಾಗ, ಹೊತ್ತು ಬೇಗ ಸರಿದಂತೆ ಕ್ಯಾನ್ಸರ್ ರೋಗಿಗಳಿಗೆ ಭಾಸವಾಯಿತು. ಅದು ರೋಗಕ್ಕೆ ಮದ್ದಲ್ಲ, ನಿಜ.

ಸಬ್ರ್ ಎಂದರೆ ನೋವನ್ನು ಪೂರ್ತಿ ಉಣ್ಣುವುದು ಎಂಬ ವಾದವುಂಟು. ನಾವು ಒಪ್ಪುವುದಿಲ್ಲ. ಕಂಪ್ಲಿ, ಸಂಡೂರಿನಿಂದ ಹೊಸಪೇಟೆಗೆ ಬಂದು, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದು, ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಶುರುವಾದ ಬೆಂಗಳೂರಿನ ಆಸ್ಪತ್ರೆ ತಲುಪುವುದರಲ್ಲೇ ಬೇಕಾದಷ್ಟು ಸಬ್ರ್ ಇದೆ. ಅಂಥವರಿಗೆ ಈ ಕನ್ನಡಕ ಸಿಕ್ಕರೆ ಹಿಮವೇಕೆ? ಕಂಪ್ಲಿಯವರಿಗೆ ಭತ್ತದ ಗದ್ದೆ ಸಾಕು, ಹಂಪಿಯವರಿಗೆ ಹರಿಗೋಲು ತೇಲುವ ತುಂಗಭದ್ರೆ. ಸಂಡೂರಿನವರಿಗೆ ಯಾವ ಗುಡ್ಡ? ಅದಿರಿಗಾಗಿ ಅಗೆಯುವ ಮೊದಲಿನದೋ, ನಂತರದ್ದೋ? ಅವರನ್ನೇ ಕೇಳಬೇಕು.

ಕನ್ನಡಕ ಹಾಕಿಕೊಂಡವರಿಗೆ ತಾವು ನೋಡುತ್ತಿರುವುದು ಬರೀ ಚಿತ್ರವೆಂದು ಗೊತ್ತಿರುತ್ತದೆ, ಬೇಡವಾದರೆ ತೆಗೆದಿಡಬಹುದು. ವಂಚನೆ ನಡೆಯುವುದು ಮನೆಗಳಲ್ಲಿ. ಅಮ್ಮಿಗೆ ರೋಗದ ಹೆಸರು ಹೇಳುವುದಿಲ್ಲ. ‘ಸಣ್ಣ ಗಡ್ಡೆ ಅಷ್ಟೇ’ ಎನ್ನುತ್ತಾರೆ ಮಕ್ಕಳು. ವೈದ್ಯರು ಬಾಯಿ ತೆರೆಯುವ ಮುನ್ನವೇ ಹಿಂದಿನಿಂದ ಕಣ್ಸನ್ನೆ ಮಾಡುತ್ತಾರೆ. ಆಕೆಗೆ ವಸಿಯ್ಯತ್ ಬರೆಸುವುದಿರಬಹುದು, ಯಾರದೋ ಸಾಲ ತೀರಿಸುವುದಿರಬಹುದು, ಎಷ್ಟೋ ವರ್ಷಗಳಿಂದ ಮಾತು ಬಿಟ್ಟ ತಂಗಿಯನ್ನು ಒಮ್ಮೆ ಕರೆಸಿ ಮಾಫಿ ಕೇಳುವುದಿರಬಹುದು.