ನೀರಿಲ್ಲದ ತೊಟ್ಟಿ

ಆಟದ ರೈಲಿಗೂ ಮಾದರಿ ರೈಲಿಗೂ ಭೇದವಿದೆ. ಆಟದ ರೈಲು ಮಗುವಿನದು, ಓಡಿದರೆ ಸಾಕು. ಮಾದರಿ ರೈಲು ದೊಡ್ಡವರದು. ಓಡಿದರೆ ಸಾಲದು, ನಿಜದ ರೈಲಿನಂತೆ ಕಾಣಬೇಕು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಈ ಹವ್ಯಾಸಕ್ಕೆ ವರ್ಷಗಟ್ಟಲೆ ಸಂಜೆಗಳನ್ನು ತೆತ್ತವರು ಬಹಳ ಮಂದಿ. ಅವರು ಹಳಿಯ ಪಕ್ಕದಲ್ಲಿ ಕಟ್ಟಿ ನಿಲ್ಲಿಸುವ ನೀರಿನ ತೊಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: ಯಾರಿಗೂ ಮೋಸವಾಗದ ಕಡೆಯಲ್ಲಿಯೂ ಸುಳ್ಳು ಎಂಬುದು ಉಂಟೆ?

ಮೊದಲು ನಿಜದ ತೊಟ್ಟಿ. ಉಗಿ ಎಂಜಿನ್ನಿಗೆ ಬೆಂಕಿಯಷ್ಟೇ ನೀರೂ ಬೇಕು. ಆದುದರಿಂದ ಅಮೆರಿಕದ ರೈಲುದಾರಿಗಳ ಉದ್ದಕ್ಕೂ ದಪ್ಪ ಕಂಬಗಳ ಮೇಲೆ ಮರದ ದೊಡ್ಡ ಪೀಪಾಯಿಗಳಂಥ ತೊಟ್ಟಿಗಳು ನಿಂತಿರುತ್ತಿದ್ದವು. 24 ಅಡಿ ಅಗಲ, 16 ಅಡಿ ಎತ್ತರದ ಒಂದು ತೊಟ್ಟಿ ಆ ದೇಶದ ಅಳತೆಯಲ್ಲಿ ಸುಮಾರು 50,000 ಗ್ಯಾಲನ್ ನೀರು ಹಿಡಿಯುತ್ತಿತ್ತು. ಹಲಗೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ ಸುತ್ತಲೂ ಕಬ್ಬಿಣದ ಬಳೆಗಳನ್ನು ಬಿಗಿಯುವರು. ನೀರು ಕುಡಿದ ಮರ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುವುದು. ಆ ಬಳೆಗಳನ್ನು ಗಮನಿಸಿ. ಮೇಲ್ಗಡೆ ಅವು ದೂರ ದೂರ. ಕೆಳಕ್ಕೆ ಬಂದಂತೆಲ್ಲ ಹತ್ತಿರ ಹತ್ತಿರ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ನೀರು ಆಳವಾದಷ್ಟೂ ಅದರ ಒತ್ತಡ ಹೆಚ್ಚು. ಬುಡದ ಹಲಗೆ ಸಿಡಿದು ಬಾಯಿ ಬಿಡದಂತೆ ಅಲ್ಲಿ ಬಳೆಗಳೂ ಹೆಚ್ಚಬೇಕು.

ಇನ್ನು ಮಾದರಿ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. ಆ ಲೆಕ್ಕದಲ್ಲಿ 24 ಅಡಿಯ ತೊಟ್ಟಿ ಮೂರೂಕಾಲು ಅಂಗುಲಕ್ಕೆ ಇಳಿಯುತ್ತದೆ. ತುಂಬಿದರೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿದೀತು. ಆದರೆ ತುಂಬುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಾದರಿಯ ಲೋಕದಲ್ಲಿ ನಿಜವಾದ ನೀರೇ ಸುಳ್ಳಾಗಿ ಕಾಣುತ್ತದೆ. ಹನಿಯು 87 ಪಾಲು ಚಿಕ್ಕದಾಗಲು ಒಪ್ಪುವುದಿಲ್ಲ. ಜಿನುಗಿದ ಒಂದು ತೊಟ್ಟು ಕೆಳಗೆ ನಿಂತ ಪುಟ್ಟ ಆಳಿನ ತಲೆಗಿಂತ ದಪ್ಪನಾಗಿ ತೂಗಾಡುತ್ತದೆ. ಹೀಗಾಗಿ ಅಲ್ಲಿ ಕೆರೆತೊರೆಗಳನ್ನೆಲ್ಲ ವಾರ್ನಿಷು, ರಾಳಗಳಿಂದ ಮಾಡುತ್ತಾರೆ, ತೊಟ್ಟಿಯಂತೂ ಬರಿದು.

ಬರಿದಾದ ತೊಟ್ಟಿಗೆ ಒತ್ತಡವೆಲ್ಲಿಯದು? ಬಳೆಗಳ ಬದಲು ಕಟ್ಟಿದ ದಾರವನ್ನು ಸಮನಾದ ಅಂತರದಲ್ಲಿ ಸುತ್ತಿದರೂ ಏನೂ ಸಿಡಿಯುವುದಿಲ್ಲ. ನೋಡಲು ಬಂದ ನೆಂಟರಲ್ಲಿ ನೂರಕ್ಕೆ ಒಬ್ಬನೂ ಅದನ್ನು ಕಂಡುಹಿಡಿಯಲಾರ. ಆದರೂ ಕಸುಬು ಬಲ್ಲವನು ಕೆಳಗೆ ಬಂದಂತೆ ಅಂತರವನ್ನು ಕಿರಿದು ಮಾಡುತ್ತಾನೆ. ಇದು ಬರಿಯ ಗೀಳೆ? ನಮ್ಮ ದಸರೆಯ ಗೊಂಬೆಗಳ ಸಾಲಿನಲ್ಲಿ ಶೆಟ್ಟರ ಅಂಗಡಿ ಅರಮನೆಗಿಂತ ದೊಡ್ಡದಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ. ಆಕ್ಷೇಪಿಸಬೇಕಾಗಿಯೂ ಇಲ್ಲ, ಗೊಂಬೆ ತಾನು ಅಳತೆಗೆ ಸರಿಯಾಗಿದ್ದೇನೆ ಎಂದು ಹೇಳಿಕೊಳ್ಳುವುದಿಲ್ಲವಷ್ಟೆ. ಮಾದರಿ ಹೇಳಿಕೊಳ್ಳುತ್ತದೆ.

ನಮ್ಮ ಆಲಂಕಾರಿಕರಲ್ಲಿ ಶ್ರೀಶಂಕುಕ ‘ಚಿತ್ರತುರಗ ನ್ಯಾಯ’ವನ್ನು ಹೇಳಿದ. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವೆ; ಆ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂದೇಹವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ; ಇವುಗಳಿಗಿಂತ ಬೇರೆಯಾದದ್ದು. ನಟನು ರಾಮನಾಗಿ ತೋರುವುದೂ ಹೀಗೆಯೇ ಎಂದು ಅವನ ವಾದ. ರಾಮನನ್ನು ಕಾಣದವನು ರಾಮನನ್ನು ಅನುಕರಿಸುವುದು ಹೇಗೆ ಎಂಬ ಆಕ್ಷೇಪದಿಂದ ಅಭಿನವಗುಪ್ತನಲ್ಲಿ ಆ ವಾದಕ್ಕೆ ಪೆಟ್ಟು ಬಿತ್ತು. ನೀರಿನ ತೊಟ್ಟಿಯ ಮಾತು ಬಂದರೆ ಶಂಕುಕನ ಪಕ್ಷಕ್ಕೆ ತುಸು ಬಲ ಬರುತ್ತದೆ: ಇದು ಕಣ್ಣಿಗೆ ಕಂಡ ವಸ್ತು, ಅಳೆದ ವಸ್ತು. ಆದರೆ ಅಳೆದದ್ದು ಆಕಾರವನ್ನು. ಆಕಾರದ ಹಿಂದೆ ಒಬ್ಬ ಬಡಗಿಯ ತಿಳಿವಳಿಕೆ ಇತ್ತು. ನೀರು ಎಲ್ಲಿ ಒತ್ತುತ್ತದೆಂದು ಅರಿತು ಅವನು ಅಲ್ಲಿ ಬಳೆಯನ್ನು ಬಿಗಿದ. ಸಮ ಅಂತರದ ಬಳೆಗಳು ಅವನನ್ನು ಅಲಂಕಾರ ಮಾಡುವವನನ್ನಾಗಿ ಮಾಡಿಬಿಡುತ್ತವೆ. ಮೋಸಹೋದವರು ಇಲ್ಲದಿರಬಹುದು, ಅನ್ಯಾಯಕ್ಕೆ ಒಳಗಾದವನು ಇದ್ದಾನೆ, ಮತ್ತು ಅವನು ಬಂದು ದೂರು ಹೇಳಲಾರ. 1960ರ ಹೊತ್ತಿಗೆ ಅಮೆರಿಕದ ದೊಡ್ಡ ರೈಲುದಾರಿಗಳಲ್ಲಿ ಉಗಿಯ ಕಾಲ ಮುಗಿಯಿತು; ಅವನ ತೊಟ್ಟಿಗಳೂ ಬಹುಮಟ್ಟಿಗೆ ಹೋದವು.

ಹಾಗಾದರೆ ತುಕ್ಕಿನ ಮಾತೇನು? ನಿನ್ನೆ ಮಾಡಿದ ತೊಟ್ಟಿಗೆ ಬಣ್ಣ ಬಳಿದು ನಲವತ್ತು ವರ್ಷದ ಮುಪ್ಪು ಬರಿಸುವುದು ನಕಲಿ ವಿಗ್ರಹವನ್ನು ಹುಳಿಯಲ್ಲಿ ನೆನಸಿ ಹಳೆಯದೆಂದು ಮಾರುವವನ ಕೆಲಸದಂತೆಯೇ ಅಲ್ಲವೆ? ಅಲ್ಲವೆಂದು ನನ್ನ ಎಣಿಕೆ. ಆ ವ್ಯಾಪಾರಿ ತನ್ನ ಕೈವಾಡವನ್ನು ಮುಚ್ಚಿಡುತ್ತಾನೆ, ಇವನು ಅದನ್ನೇ ತೋರಿಸಲು ಕರೆಯುತ್ತಾನೆ. ಆದರೆ ಇಲ್ಲಿಯೂ ಕಟ್ಟುಪಾಡುಂಟು. ತುಕ್ಕಿನ ಗೆರೆ ಬಳೆಯಿಂದ ಕೆಳಕ್ಕೆ ಇಳಿಯಬೇಕು. ಪಾಚಿಯ ಹಸುರು ನೀರು ಸೋರುವ ಕೊಳವೆಯ ಕೆಳಗಿರಬೇಕು. ಕಾರಣವಿಲ್ಲದ ಕಲೆ ಬರಿಯ ಕೊಳೆ.

ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮಿನಲ್ಲಿ ರಾಯ್ ಇಂಗ್ಲೆಂಡ್ ಎಂಬವರು 1954ರಲ್ಲಿ ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ನಿಜವಾದ ಹಳ್ಳಿಮನೆಗಳನ್ನು ಅಳೆದು ಮಾದರಿಗೆ ತಂದಿದ್ದಾರೆ. ಅಲ್ಲಿ ಸಾಕ್ಷಿ ಹೇಳುವುದಕ್ಕೆ ಒಂದು ನಿಶ್ಚಿತ ಮನೆಯಿದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಆಲೆನ್ ಅವರ ರೈಲಾದರೋ ಪೂರ್ತಿ ಕಲ್ಪಿತ. ಹೆಸರನ್ನು ಓದಿದರೆ ‘ಗೋರಿ ಅಂಡ್ ಡಿಫೀಟೆಡ್’ ಎಂದು ಕೇಳಿಸುವುದು, ಎಂದರೆ ರಕ್ತ ಸುರಿಸಿ ಸೋತದ್ದು! ಆದರೂ ಮುಪ್ಪಿನ ಬಣ್ಣಗಾರಿಕೆಯಲ್ಲಿ ಅವರದು ದೊಡ್ಡ ಹೆಸರು. ಇಲ್ಲದ ಊರಿನ ತೊಟ್ಟಿಯೂ ಇರುವ ತೊಟ್ಟಿಗಳಂತೆಯೇ ಸೋರಬೇಕು. ಹಿಂದಿನವರ ಮಾತಿನಲ್ಲಿ ಹೇಳುವುದಾದರೆ ಪೆಂಡನ್ನಿನದು ಸತ್ಯ, ಆಲೆನ್ನರದು ಋತ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲೂ ಹಾಳಾಯಿತು.

ಒಂದು ತೊಡಕು ಉಳಿದಿದೆ. ಇಂಥ ಹಲವು ತೊಟ್ಟಿಗಳ ಒಳಗೆ ಒಂದು ತೇಲುವ ಗುಂಡು. ಅದಕ್ಕೆ ಕಟ್ಟಿದ ಸರಪಳಿ ರಾಟೆಯ ಮೇಲೆ ಹಾದು ಹೊರಗೆ ಒಂದು ಗುರುತನ್ನು ತೂಗಿಸುತ್ತದೆ. ಒಳಗೆ ನೀರು ಏರಿದರೆ ಹೊರಗೆ ಗುರುತು ಇಳಿಯುವುದು. ಮಾದರಿ ಮಾಡುವವನು ಆ ಗುರುತನ್ನು ಎಲ್ಲಿಯಾದರೂ ಅಂಟಿಸಲೇಬೇಕು. ಒಣ ತೊಟ್ಟಿಯ ನಿಜ ಹೇಳಬೇಕಾದರೆ ತುತ್ತತುದಿಯಲ್ಲಿ. ಆದರೆ ತೊಟ್ಟಿ ಒಣಗಿದ್ದರೆ ಮುಂದೆ ಓಡುತ್ತಿರುವ ರೈಲು ಸುಳ್ಳಾಗುತ್ತದೆ. ನಾನಾದರೆ ಬುಡದಿಂದ ಅರ್ಧ ಅಂಗುಲಕ್ಕೆ ತುಸು ಕಡಮೆ ಮೇಲೆ ಅಂಟಿಸುವೆ: ತುಂಬಿದ ತೊಟ್ಟಿಯಿಂದ ಈಗತಾನೆ ಒಂದು ಎಂಜಿನ್ನು ಹತ್ತು ಸಾವಿರ ಗ್ಯಾಲನ್ ಕುಡಿದು ಹೋಗಿದೆ.