ಕೊಡುವ ಮುನ್ನ ಕೇಳಬಹುದೇ?

ದಾನ ಕೊಡುವವನಿಗೆ, ಪಡೆಯುವವನ ಬದುಕನ್ನು ಕೆದಕುವ ಹಕ್ಕಿದೆಯೇ? ಯಹೂದಿ ವಿದ್ವಾಂಸರು ತಾಲ್ಮುದ್‌ನಲ್ಲೇ ಈ ಬಗ್ಗೆ ವಾದಿಸಿದ್ದಾರೆ. ಅನ್ನ ಕೇಳಿದವನನ್ನು ವಿಚಾರಿಸಿ, ಬಟ್ಟೆ ಕೇಳಿದವನನ್ನು ವಿಚಾರಿಸಬೇಡಿ, ಬೆತ್ತಲೆ ನಿಂತವನಿಗೆ ಅದೇ ಸಾಕಷ್ಟು ಅವಮಾನ ಎಂದರು ಒಬ್ಬರು. ಇನ್ನೊಬ್ಬರದು ತದ್ವಿರುದ್ಧ ನಿಲುವು: ಬಟ್ಟೆಗೆ ಬೇಕಾದರೆ ವಿಚಾರಿಸಿ, ಹಸಿವು ಕಾಯುವುದಿಲ್ಲ. 12ನೇ ಶತಮಾನದಲ್ಲಿ ಕೈರೋದಲ್ಲಿ ವೈದ್ಯರಾಗಿದ್ದ ಮೂಸಾ ಬಿನ್ ಮೈಮೂನ್, ಅಂದರೆ ಮೈಮೊನಿಡಿಸ್, ಈ ಎರಡನೆಯ ಮಾತನ್ನೇ ಎತ್ತಿಹಿಡಿದರು. ದಾನದ ಎಂಟು ಮೆಟ್ಟಿಲುಗಳನ್ನು ಹೇಳಿದವರೂ ಅವರೇ. ಸಾಲವನ್ನೋ ಕೆಲಸವನ್ನೋ ಕೊಟ್ಟು, ಒಬ್ಬ ಮತ್ತೆ ಕೈಚಾಚದಂತೆ ಮಾಡುವುದು ಅತ್ಯುನ್ನತ ಮೆಟ್ಟಿಲು. ಹೀಬ್ರೂವಿನ ‘ಸೆದಾಕಾ’, ಅರಬಿಯ ‘ಸದಕಾ’ ಎರಡೂ ಒಂದೇ ಬೇರಿನ ಪದಗಳು.

ಗ್ರಂಥದಲ್ಲಿದ್ದದ್ದು ಕಚೇರಿಗೆ ಬಂದಾಗ ಏನಾಯಿತು? 1859ರಲ್ಲಿ ಲಂಡನ್ನಿನ ಯಹೂದಿಗಳು ತಮ್ಮ ಬಡ ಕುಟುಂಬಗಳಿಗಾಗಿ ‘ಬೋರ್ಡ್ ಆಫ್ ಗಾರ್ಡಿಯನ್ಸ್’ ಸ್ಥಾಪಿಸಿದರು. ಅದು ಸಾಲ ಕೊಟ್ಟಿತು, ಹುಡುಗರನ್ನು ಕಸುಬಿಗೆ ಹಚ್ಚಿತು. ಆದರೆ ಊರಿಗೆ ಬಂದು ಆರು ತಿಂಗಳಾಗದವರಿಗೆ ನೆರವಿಲ್ಲ ಎಂದೂ ನಿಯಮ ಮಾಡಿತು. 1881ರ ನಂತರ ರಷ್ಯಾದ ಹಿಂಸೆಗೆ ಬೆದರಿ ಬಂದ ಅನೇಕ ಕುಟುಂಬಗಳಿಗೆ ಮರಳಿ ಹೋಗಲು ಟಿಕೆಟು ಕೊಟ್ಟಿತು. ಇದನ್ನು ಕ್ರೌರ್ಯ ಎಂದುಬಿಡುವುದು ಸುಲಭ. ಬಡವರು ಹೆಚ್ಚಿದರೆ ಆಂಗ್ಲರು ತಮ್ಮೆಲ್ಲರ ಮೇಲೂ ತಿರುಗಿಬೀಳುತ್ತಾರೆಂಬ ಭಯ ಅಲ್ಲಿತ್ತು. ಅಲ್ಪಸಂಖ್ಯಾತರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಭಯಪಟ್ಟವರು ಉಳ್ಳವರು, ಹಡಗು ಹತ್ತಿದವರು ಇಲ್ಲದವರು. ಹೊಸಬರಿಗೆ ತಂಗಲು ಜಾಗ ಕೊಡುವ ಬೇರೊಂದು ಆಶ್ರಯಧಾಮ 1885ರಲ್ಲಿ ಅದೇ ನಗರದಲ್ಲಿ ಹುಟ್ಟಿಕೊಂಡಿತು. 1892ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಹೀಬ್ರೂ ಫ್ರೀ ಲೋನ್ ಸೊಸೈಟಿ’ ಬಡ್ಡಿಯಿಲ್ಲದೆ ಸಾಲ ಕೊಟ್ಟಿತು. ಅದು ಜಾಮೀನು ಕೇಳಿತು, ಧರ್ಮ ಕೇಳಲಿಲ್ಲ.

ಹಾಗಾದರೆ ಕೇಳುವುದೇ ತಪ್ಪಲ್ಲ, ಏನನ್ನು ಕೇಳುತ್ತೇವೆ ಎಂಬುದು ಮುಖ್ಯ. ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನೇ ನೋಡಿ. ಕಟ್ಟಿಸಿದವಳು ಶಾಂತವ್ವ ಎನ್ನುತ್ತದೆ ಐತಿಹ್ಯ. ಅವಳ ಮೇಲೆ ಬಂದ ಕಳಂಕದ ಮಾತು ಕೆರೆಯ ಹೆಸರಾಗಿ ಉಳಿಯಿತು, ಶಾಂತಿಸಾಗರ ಎಂಬ ಇನ್ನೊಂದು ಹೆಸರಿದ್ದರೂ. ಅವಳ ನಡತೆಯನ್ನು ಊರು ಇಂದಿಗೂ ವಿಚಾರಿಸುತ್ತಿದೆ, ನೀರು ಮಾತ್ರ ಯಾರ ನಡತೆಯನ್ನೂ ವಿಚಾರಿಸಲಿಲ್ಲ. ಹಾಗೆಂದು ಕೆರೆಗೆ ಲೆಕ್ಕವಿಲ್ಲವೆಂದಲ್ಲ. ತೂಬು ಎತ್ತುವ ನೀರಗಂಟಿ ಎಷ್ಟು ಗದ್ದೆ, ಯಾರ ಸರದಿ ಎಂದು ಕೇಳಲೇಬೇಕು, ಇಲ್ಲವಾದರೆ ಕೊನೆಯ ಗದ್ದೆ ಒಣಗುತ್ತದೆ. ಭೂಮಿಯಿಲ್ಲದವನಿಗೆ ಆ ಸರದಿಯಲ್ಲಿ ಜಾಗವೇ ಇಲ್ಲ. ಇದೇ ಕೆರೆಯಿಂದ ಚಿತ್ರದುರ್ಗಕ್ಕೆ ಕುಡಿಯುವ ನೀರೂ ಹೋಗುತ್ತದೆ. ಅಲ್ಲಿ ನಲ್ಲಿ ತಿರುಗಿಸುವವನ ಬಳಿ ಯಾರೂ ಪಹಣಿ ಕೇಳುವುದಿಲ್ಲ.