ಇಂದಿನ ಧಮ್ಮ ಚಿಂತನೆ: ಪಕ್ಕದಲ್ಲಿ ಜಾಗ ಕೊಡುವುದು



ಬೆಂಗಳೂರು, ಮೈಸೂರಿನ ಕಾಲೇಜುಗಳಿಗೆ ಓದಲು ಆಫ್ರಿಕಾದಿಂದ, ಅರಬ್ ದೇಶಗಳಿಂದ, ನೇಪಾಳದಿಂದ ಮಕ್ಕಳು ಬರುತ್ತಾರೆ. ನಮ್ಮ ಮಕ್ಕಳ ತರಗತಿಯಲ್ಲೇ ಕೂರುತ್ತಾರೆ. ಅವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ಹೇಗೆ?

ಜನರನ್ನು ಒಂದುಗೂಡಿಸುವ ನಾಲ್ಕು ಸಂಗಹವತ್ಥುಗಳನ್ನು ಭಗವಾನ್ ಬುದ್ಧರು ಸಿಗಾಲೋವಾದ ಸುತ್ತದಲ್ಲಿ ಹೇಳಿದ್ದಾರೆ: ದಾನ, ಪ್ರಿಯವಾದ ಮಾತು, ಹಿತವಾದ ನಡೆ, ಮತ್ತು ಸಮಾನತ್ತತಾ, ಅಂದರೆ ತನ್ನ ಸಮಾನರೆಂದು ಕಾಣುವುದು. ಮೊದಲ ಮೂರನ್ನು ಜಗಲಿಯ ಮೇಲೆ ನಿಂತೇ ಮಾಡಿಬಿಡಬಹುದು. ನಾಲ್ಕನೆಯದಕ್ಕೆ ಜಗಲಿಯಿಂದ ಇಳಿಯಬೇಕು.

ಇದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಾಲಕ ಭೀಮರಾವ್‌ಗೆ ಶಾಲೆಯಲ್ಲಿ ಪಾಠ ಸಿಕ್ಕಿತು. ಆದರೆ ಕೂರಲು ಮನೆಯಿಂದ ತಂದ ಗೋಣಿತಟ್ಟು, ಕುಡಿಯಲು ಜವಾನ ನಲ್ಲಿ ತಿರುಗಿಸಿದರಷ್ಟೇ ನೀರು. 1913ರಲ್ಲಿ ಅದೇ ಭೀಮರಾವ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ವಿದೇಶಿ ವಿದ್ಯಾರ್ಥಿಯಾಗಿ ಹೋದರು. ಅಲ್ಲಿ ಎಲ್ಲರ ಜೊತೆ ಕೂತರು, ಉಂಡರು. ಕೋಣೆ ಹಂಚಿಕೊಂಡ ಪಾರ್ಸಿ ಯುವಕ ನವಲ್ ಭಥೇನಾ ಜೀವಮಾನದ ಗೆಳೆಯರಾದರು. ಹೊರದೇಶದ ವಾಸವು ತಾನು ಅಸ್ಪೃಶ್ಯನೆಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿತ್ತು ಎಂದು ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ನಮ್ಮ ಧಮ್ಮದ ಪರಂಪರೆಯೂ ಹೀಗೆಯೇ ಇತ್ತು. ಏಳನೆಯ ಶತಮಾನದಲ್ಲಿ ಚೀನಾದಿಂದ ಹ್ಯುಯೆನ್ ತ್ಸಾಂಗ್ ನಾಲಂದಕ್ಕೆ ಬಂದಾಗ ಅವರಿಗೆ ವಸತಿ ಕೊಟ್ಟರು. ದಿನವೂ ಮಹಾಶಾಲಿ ಅಕ್ಕಿ, ಅಡಿಕೆ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆಚಾರ್ಯ ಶೀಲಭದ್ರರು ತಾವೇ ಪಾಠ ಹೇಳಿ, ಮುಂದೆ ಅದೇ ಸಂಘಕ್ಕೆ ಪಾಠ ಹೇಳುವ ಹೊಣೆಯನ್ನು ಆ ಪರದೇಶಿ ಶಿಷ್ಯನಿಗೇ ಒಪ್ಪಿಸಿದರು.

ಈಗ ನಮ್ಮ ಕಾಲ ನೋಡಿ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಇಟ್ಟಿತು. ಆಕೆಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ನೋಡಿ ಹೊಡೆದರು. ಒಬ್ಬನ ನೆಪದಲ್ಲಿ ಇಡೀ ಕೇರಿಗೆ ಬಹಿಷ್ಕಾರ ಹಾಕುವುದನ್ನು ಕಂಡ ನಾವು ಇದನ್ನು ಬೇರೆ ಹೆಸರಿನಿಂದ ಕರೆಯಲಾರೆವು. ಅಂಥ ಗುಂಪಿನಲ್ಲಿ ನಮ್ಮ ಮನೆಯ ಹುಡುಗ ನಿಲ್ಲಬಾರದು. ನಿಲ್ಲದಿದ್ದರಷ್ಟೇ ಸಾಲದು, ತಡೆಯಲು ಮುಂದೆ ಬರಬೇಕು.

ಇಂದಿನ ಅಭ್ಯಾಸ: ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೆ ಹೋಗಿ ಕೂರೋಣ. ಅವರ ಹೆಸರನ್ನು ಕೇಳಿ, ಸರಿಯಾಗಿ ಉಚ್ಚರಿಸಲು ಕಲಿಯೋಣ. ಅಡ್ಡಹೆಸರು ಇಡುವ ಮಕ್ಕಳನ್ನು ತಿದ್ದೋಣ. ಮನೆ ಬಾಡಿಗೆಗೆ ಕೇಳಲು ಬಂದರೆ, ಜಾತಿ ಕೇಳಿ ನಮ್ಮನ್ನು ವಾಪಸ್ ಕಳಿಸಿದ ಬಾಗಿಲುಗಳನ್ನು ನೆನೆದು ಉತ್ತರ ಕೊಡೋಣ. ವಿಹಾರದ ಭಾನುವಾರದ ವಂದನೆಗೆ, ಊಟಕ್ಕೆ ಕರೆಯೋಣ. ಬಡಿಸಿ ದೂರ ನಿಲ್ಲದೆ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಣ.

ಭವತು ಸಬ್ಬ ಮಂಗಲಂ. ಜೈಭೀಮ್.